ಆರು ತುಂಡು ಗೆಣಸು

ನನ್ನ ಹೆಸರು ಷಡಕ್ಷರಿ. ತುಮಕೂರಿನ ಮಂಡಿಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿದ್ದೇನೆ. ಸ್ಟೀಲ್ ಪಾತ್ರೆಯನ್ನು ಉಗುರಿನಿಂದ ಒಂದು ಸಲ ಮಿಡಿದರೆ ಸಾಕು, ಅದರ ತಗಡು ಎಷ್ಟು ಗೇಜಿನ ದಪ್ಪದ್ದು, ಮಗಳ ಮದುವೆಗೆ ಕೊಟ್ಟರೆ ಮೊಮ್ಮಗಳ ಮದುವೆಯವರೆಗೆ ಬಾಳುತ್ತದೋ ಇಲ್ಲವೋ ಎಂದು ಹೇಳಬಲ್ಲೆ. ಗಿರಾಕಿಗಳು ಇದನ್ನು ಮಾಟ ಎಂದುಕೊಳ್ಳುತ್ತಾರೆ. ಮಾಟವೇನೂ ಅಲ್ಲ, ನಲವತ್ತು ವರ್ಷ ಪಳಗಿದ ಕಿವಿ. ಈ ವಿದ್ಯೆಯನ್ನು ಯಾರಿಗಾದರೂ ಕೊಟ್ಟು ಹೋಗಬೇಕೆಂಬುದು ನನಗಿರುವ ಒಂದೇ ಆಸೆ. ಒಬ್ಬಳೇ ಮಗಳು ಸುಮನಾಗೆ ಬ್ಯಾಂಕಿನಲ್ಲಿ ಕೆಲಸ. ಪಾತ್ರೆಗಳ ಸದ್ದು ಕೇಳಿದರೆ ಅವಳಿಗೆ ತಲೆನೋವು. ಉಳಿದವನು ಅಳಿಯ.

ಅಳಿಯನ ವಿಚಾರ ಹೇಳಲು ಹೊರಟರೆ ನನಗೆ ಈಗಲೂ ಸ್ವಲ್ಪ ಸಿಟ್ಟು ಬರುತ್ತದೆ. ಚನ್ನೇಶ್ ಕ್ಯಾತ್ಸಂದ್ರದ ಕಡೆ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ. ಮೂರು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಹಿಮಾಲಯದ ತಪ್ಪಲಿಗೆ ಹೋಗಿ, ಆರು ವಾರದ ಯಾವುದೋ ತರಬೇತಿ ಮುಗಿಸಿ, ಗಡ್ಡ ಬಿಟ್ಟುಕೊಂಡು ಬಂದ. ಬಂದವನೇ ರಾಜೀನಾಮೆ ಕೊಟ್ಟು ‘ಬೇರು’ ಎಂಬ ಶಾಲೆ ತೆರೆದ. ಕಾಡಿನಲ್ಲಿ ಬದುಕುವ ವಿದ್ಯೆ ಕಲಿಸುವ ಶಾಲೆಯಂತೆ. ಬೆಂಕಿಕಡ್ಡಿ ಇಲ್ಲದೆ ಬೆಂಕಿ ಹೊತ್ತಿಸುವುದು, ಸೊಪ್ಪುಸದೆಯಲ್ಲಿ ಗುಡಿಸಲು ಹಾಕುವುದು, ನೆಲದ ಮೇಲಿನ ಹೆಜ್ಜೆ ನೋಡಿ ಯಾರು ಯಾವಾಗ ಹೋದರು ಎಂದು ಹೇಳುವುದು. ಇದರಿಂದ ಮನುಷ್ಯನಿಗೂ ಪ್ರಕೃತಿಗೂ ಕಡಿದುಹೋದ ನಂಟು ಮತ್ತೆ ಕೂಡಿಕೊಳ್ಳುತ್ತದಂತೆ. ಬೆಂಕಿಪೊಟ್ಟಣ ಬೀದಿಗೊಂದು ಅಂಗಡಿಯಲ್ಲಿ ಸಿಗುವ ಊರಿನಲ್ಲಿ ಇವನು ನಮ್ಮ ಹಿತ್ತಲಲ್ಲಿ ಕೂತು ಒಂದು ಗಂಟೆ ಕೋಲಿಗೆ ಕೋಲು ಉಜ್ಜಿ ಹೊಗೆ ಎಬ್ಬಿಸಿದ. ಲಿಂಗವಂತರ ಮನೆಯಲ್ಲಿ ಹೋಮ ಶುರುವಾಯಿತೇ ಎಂದು ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು. ನನಗೆ ತಲೆ ಎತ್ತಲಾಗದ ಹಾಗಾಯಿತು.

ಮಾತಿನಲ್ಲಿ ಮಾತ್ರ ನಾನು ಅವನಿಗೆ ಮರ್ಯಾದೆ ಕಡಿಮೆ ಮಾಡಿದವನಲ್ಲ. ಎದುರಿಗೆ ಸಿಕ್ಕಾಗ ಬನ್ನಿ, ಕೂತ್ಕೊಳ್ಳಿ, ಅಳಿಯಂದ್ರೆ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಏನು ಅನ್ನುತ್ತಿದ್ದೆ ಎಂಬುದು ನನಗೂ ನನ್ನ ಹೆಂಡತಿ ಸರ್ವಮಂಗಳಮ್ಮನಿಗೂ ಮಾತ್ರ ಗೊತ್ತು.

ಎರಡು ವರ್ಷ ಆ ಶಾಲೆ ಕುಂಟುತ್ತಾ ನಡೆಯಿತು. ಮಕ್ಕಳನ್ನು ಕಳಿಸಿ ಎಂದು ಇವನು ಯಾವ ಶಾಲೆಯ ಬಾಗಿಲಿಗೆ ಹೋದರೂ, ನಿಮಗೆ ಮಾನ್ಯತೆ ಇದೆಯೇ ಎಂದೇ ಹೆಡ್‌ಮಾಸ್ಟರುಗಳು ಕೇಳುತ್ತಿದ್ದರು. ಕೊನೆಗೆ ಬೆಂಗಳೂರಿನಲ್ಲಿರುವ ವನ್ಯಜೀವನ ಕೌಶಲ ಪರಿಷತ್ತು ಎಂಬ ಸಂಸ್ಥೆ ಅರ್ಜಿ ಒಪ್ಪಿಕೊಂಡಿತು. ಅವರು ಇಟ್ಟ ಪರೀಕ್ಷೆ ಇಷ್ಟೇ. ಆರು ಜನ ವಿದ್ಯಾರ್ಥಿಗಳು ನಲವತ್ತೆಂಟು ಗಂಟೆ ಕಾಡಿನಲ್ಲಿದ್ದು, ಆ ನೆಲದಲ್ಲಿ ಸಿಕ್ಕಿದ್ದನ್ನು ಮಾತ್ರ ತಿಂದು ಬದುಕಿ ತೋರಿಸಬೇಕು. ಹೊರಗಿನ ಒಂದು ತುತ್ತೂ ಕೂಡದು. ಕೊನೆಗೆ ಪರೀಕ್ಷಕರ ಎದುರು ಕಲಿಸಿದವನೇ ಅದಕ್ಕೆ ಸಹಿ ಹಾಕಬೇಕು. ಪಾಸಾದರೆ ಶಾಲೆ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಆರನೆಯವನು ತಂಗಿಯ ನಿಶ್ಚಿತಾರ್ಥ ಎಂದು ಕೈಕೊಟ್ಟ. ಸುಮನಾ ಬ್ಯಾಂಕಿನಿಂದ ನೇರವಾಗಿ ಅಂಗಡಿಗೆ ಬಂದು ನನ್ನೆದುರು ಕೂತಳು. ಪ್ರತಿ ವರ್ಷ ಶಿವರಾತ್ರಿ ಉಪವಾಸ ಮಾಡುವ ದೇಹ ನಿಮ್ಮದು, ನೀವು ಬಂದರೆ ಆರು ಜನ ಆಗುತ್ತಾರೆ ಎಂದಳು. ಅರವತ್ತಮೂರರ ವಯಸ್ಸಿನಲ್ಲಿ ನನಗೇಕೆ ಈ ಕಾಡುಪಾಲು ಎಂದು ಮೊದಲು ರೇಗಿದೆ. ಆಮೇಲೆ ನನ್ನೊಳಗಿನ ವ್ಯಾಪಾರಿ ಎದ್ದ. ಸಂಜೆ ಮರಳೂರಿನ ಅವರ ಮನೆಗೇ ಹೋಗಿ, ಎಲ್ಲರ ಎದುರಿಗೆ ಷರತ್ತು ಹಾಕಿದೆ.

“ಬರ್ತೀನಿ ಅಳಿಯಂದ್ರೆ. ಆದ್ರೆ ಮಾನ್ಯತೆ ಸಿಗ್ಲಿಲ್ಲ ಅಂದ್ರೆ ಮಂಗಳವಾರದಿಂದ ನೀವು ಅಂಗಡೀಲಿ ಕೂರ್ಬೇಕು. ಗಡ್ಡ ತೆಗೆಸ್ಕೊಂಡು.”

ಸುಮನಾ ಮುಖ ಕೆಂಪಗೆ ಮಾಡಿಕೊಂಡಳು. ಚನ್ನೇಶ್, “ಆಗ್ಲಿ ಮಾವ” ಎಂದ. ಅವನು ಮಾತು ಕೊಟ್ಟರೆ ತಪ್ಪುವವನಲ್ಲ ಎಂಬುದು ಗೊತ್ತಿತ್ತು. ಅಂದರೆ, ಈ ಪರೀಕ್ಷೆಯಲ್ಲಿ ಅಳಿಯ ಫೇಲಾದರೆ ನನಗೆ ಲಾಭ. ಇಂಥ ವಿದ್ಯಾರ್ಥಿ ಯಾವ ಮೇಷ್ಟ್ರಿಗೂ ಸಿಗಬಾರದು.

ಗೂಳೂರು ದಾಟಿ ಕುಣಿಗಲ್ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗಿದರೆ ಹುಣಸೆಕಟ್ಟೆ ಗುಡ್ಡ. ಸುತ್ತ ಕುರುಚಲು ಕಾಡು, ಕೆಳಗೊಂದು ಕೆರೆ. ಡಿಸೆಂಬರ್ ತಿಂಗಳ ಎರಡನೇ ಶನಿವಾರಕ್ಕೆ ಹೊಂದಿಸಿಕೊಂಡು, ಶುಕ್ರವಾರ ನಾಲ್ಕು ಗಂಟೆಗೆ ನಾವು ಆರು ಜನ ಅಲ್ಲಿ ಇಳಿದೆವು. ಗುಬ್ಬಿಯ ಕೊಬ್ಬರಿ ವ್ಯಾಪಾರಿ ಬಸವರಾಜ್, ಹೊಟ್ಟೆ ಇಳಿಸಲು ಡಾಕ್ಟರು ಹೇಳಿದ್ದಾರೆಂದು ಬಂದವನು. ಯಾವ ಮರ ನೋಡಿದರೂ ಅದು ಎಷ್ಟು ಅಡಿ ಹಲಗೆಯಾಗುತ್ತದೆ ಎಂದೇ ಅವನ ಯೋಚನೆ. ಕುಣಿಗಲ್ಲಿನ ವಿಮೆ ಏಜೆಂಟ್ ರಂಗನಾಥ್. ಗುಡ್ಡ ಹತ್ತುವಾಗಲೇ ನನ್ನ ವಯಸ್ಸು ಕೇಳಿ ನಿಟ್ಟುಸಿರು ಬಿಟ್ಟ. ನಂದಿತಾ ಎಂಬ ಹುಡುಗಿ ಫೋನಿನಲ್ಲಿ ವಿಡಿಯೊ ಮಾಡಿ ಹೆಸರು ಮಾಡಿದವಳಂತೆ. ಬಂದ ತಕ್ಷಣ ಒಂದು ಜಾಲಿ ಮರವನ್ನು ತಬ್ಬಿಕೊಳ್ಳಲು ಹೋಗಿ ಮುಳ್ಳು ಚುಚ್ಚಿಸಿಕೊಂಡಳು. ಇನ್ನಿಬ್ಬರು ಮರಳೂರಿನಲ್ಲಿ ಜಿಮ್ ನಡೆಸುವ ಅಣ್ಣತಮ್ಮಂದಿರು. ಪರಿಷತ್ತಿನ ಪರೀಕ್ಷಕ ಅಂಜನ್‌ಕುಮಾರ್ ಕಾರಿನಿಂದಿಳಿದು, ದಟ್ಟಡವಿಯೊಳಗೆ ಕಾಲಿಟ್ಟವರ ಹಾಗೆ ದೊಡ್ಡದಾಗಿ ಉಸಿರೆಳೆದುಕೊಂಡರು. ಆ ದಟ್ಟಡವಿಯಿಂದ ಐದು ಊರು, ಮೂರು ಮೊಬೈಲ್ ಟವರು ಕಾಣುತ್ತಿದ್ದವು. ಎದುರು ಹಳ್ಳಿಯಲ್ಲಿ ಯಾರದೋ ಮನೆಯ ಕುಕ್ಕರ್ ಕೂಗಿದ್ದು ನಮಗೆ ಕೇಳಿಸುತ್ತಿತ್ತು.

ಫೋನುಗಳನ್ನು ಒಂದು ಚೀಲಕ್ಕೆ ಹಾಕಿಸಿಕೊಂಡರು. ಒಬ್ಬೊಬ್ಬರಿಗೆ ಐದೇ ಸಾಮಾನು: ಕಂಬಳಿ, ಚಾಕು, ಹಗ್ಗ, ನೀರಿನ ಚೊಂಬು, ಒಂದು ಬಟ್ಟೆಚೀಲ. ನಾನು ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಹಿಡಿದು, ಒಳಗೆ ಇಷ್ಟಲಿಂಗ ಇದೆ, ಇದನ್ನೂ ಲೆಕ್ಕಕ್ಕೆ ಹಿಡಿಯುತ್ತೀರಾ ಎಂದು ಅಳಿಯನನ್ನು ಚುಚ್ಚಿದೆ. ಜಗಳಕ್ಕೆ ಬರಲಿ ಎಂದೇ ನನ್ನ ಆಸೆ.

“ಅದು ಸಾಮಾನಲ್ಲ ಮಾವ, ಅದು ನೀವೇ ಅಲ್ವಾ” ಎಂದು ಚನ್ನೇಶ್ ಮುಂದಕ್ಕೆ ಹೋದ.

ಮಾತು ನನಗೆ ಹಿಡಿಸಿತು. ಹಿಡಿಸಿದ್ದು ತೋರಿಸಿಕೊಳ್ಳಲಿಲ್ಲ.

ಮೊದಲ ಸಂಜೆಯೆಲ್ಲ ಬೆಂಕಿಯ ಪಾಠ. ಜಿಮ್ಮಿನ ಅಣ್ಣತಮ್ಮಂದಿರು ತೋಳಿನ ಬಲದಿಂದ ಕೋಲು ಮುರಿದರು. ಬಸವರಾಜನಿಗೆ ಬೆವರು ಬಂತು, ಬೆಂಕಿ ಬರಲಿಲ್ಲ. ಚನ್ನೇಶ್ ಮಾತ್ರ ಮಂಡಿಯೂರಿ, ಆತುರವಿಲ್ಲದೆ, ಹತ್ತು ನಿಮಿಷದಲ್ಲಿ ಕೆಂಡ ತೆಗೆದು ತೆಂಗಿನ ನಾರಿಗೆ ಊದಿದ. ಕೆಲಸ ಬಲ್ಲವನ ಕೈ ನೋಡಿದರೆ ನನಗೆ ಗೊತ್ತಾಗುತ್ತದೆ. ಗೊತ್ತಾಗದ ಹಾಗೆ ಪಕ್ಕಕ್ಕೆ ತಿರುಗಿಕೊಂಡೆ.

ಶನಿವಾರದ ಪರೀಕ್ಷೆಗೆ ‘ಸಿಟ್ ಸ್ಪಾಟ್’ ಎಂದು ಹೆಸರು. ಕೆರೆಯ ಸುತ್ತ ದೂರದೂರಕ್ಕೆ ಆರು ಜಾಗ ಗುರುತು ಮಾಡಿ, ಒಂದೊಂದು ಕಡೆ ಒಬ್ಬೊಬ್ಬರನ್ನು ಕೂರಿಸಿದರು. ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಇರಬೇಕು, ಮಾತಾಡಬಾರದು. ಕೈಗೆಟುಕುವ ಸೊಪ್ಪೋ ಹಣ್ಣೋ ಸಿಕ್ಕರೆ ತಿನ್ನಬಹುದು. ಒಂಟಿಯಾಗಿ, ಹಸಿದುಕೊಂಡು, ಮೌನವಾಗಿ ಕೂತವನಿಗೆ ಕಾಡು ತನ್ನ ಬಾಗಿಲು ತೆರೆಯುತ್ತದೆ ಎಂದು ಅಂಜನ್‌ಕುಮಾರ್ ಭಾಷಣ ಮಾಡಿದರು.

ಈ ನಿಯಮ ಬರೆದ ಮಹಾನುಭಾವರು ಯಾವ ದೇಶದವರೋ ಗೊತ್ತಿಲ್ಲ. ತುಮಕೂರು ಜಿಲ್ಲೆಯನ್ನಂತೂ ನೋಡಿದವರಲ್ಲ. ನಮ್ಮ ಕಡೆ ಒಬ್ಬ ಮನುಷ್ಯ ಮರದ ಕೆಳಗೆ ಸುಮ್ಮನೆ ಹತ್ತು ನಿಮಿಷ ಕೂತಿರಲಿ ನೋಡೋಣ. ಯಾವೂರು, ಯಾರ ಪೈಕಿ, ಊಟ ಆಯಿತೇ ಎಂದು ಕೇಳದೆ ಯಾರೂ ಮುಂದಕ್ಕೆ ಹೋಗುವುದಿಲ್ಲ. ಹುಲಿ ಕರಡಿಗಳಿಂದ ತಪ್ಪಿಸಿಕೊಳ್ಳುವ ಉಪಾಯ ಪರಿಷತ್ತಿನ ಪುಸ್ತಕದಲ್ಲಿತ್ತು. ಇದರಿಂದ ತಪ್ಪಿಸಿಕೊಳ್ಳುವ ಉಪಾಯ ಇರಲಿಲ್ಲ.

ಬೆಳಿಗ್ಗೆ ಕೆರೆಯ ನೀರಿನಲ್ಲಿ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ ನನ್ನ ಬಂಡೆಯ ಮೇಲೆ ಕೂತೆ. ಹತ್ತು ಗಂಟೆಯ ಹೊತ್ತಿಗೆ ಹೊಟ್ಟೆ ಚುರುಗುಟ್ಟಲು ಶುರುವಾಯಿತು. ನಾನು ತಿಂದು ಎಷ್ಟು ಹೊತ್ತಾಯಿತು ಎಂಬುದೊಂದನ್ನು ಬಿಟ್ಟು ಕಾಡು ನನಗೆ ಏನನ್ನೂ ಹೇಳಲಿಲ್ಲ. ಹನ್ನೆರಡರ ಸುಮಾರಿಗೆ ಎಮ್ಮೆ ಹೊಡೆದುಕೊಂಡು ಒಬ್ಬ ಮುದುಕಿ ಬಂದಳು. ಕೋಲು ಊರಿ ನಿಂತು, ನನ್ನ ವಿಭೂತಿ, ಬಿಳಿ ಅಂಗಿ, ಎದುರಿಗಿದ್ದ ಕೆರೆ, ಎಲ್ಲವನ್ನೂ ನೋಡಿದಳು.

“ಬೆಳಿಗ್ಗೆಯಿಂದ ನೋಡ್ತಾ ಇವ್ನಿ, ಕೆರೆ ಕಡೆ ಮೊಕ ಮಾಡ್ಕಂಡು ಕುಂತಿದೀರ. ಯಾಕೆ ಸ್ವಾಮಿ, ಮನೇಲಿ ಏನಾರ ಬೇಜಾರಾ?”

ನಾನು ಮೌನವ್ರತದವನು, ಮಾತಾಡುವಂತಿಲ್ಲ. ಏನೂ ಇಲ್ಲ ಎಂದು ಕೈ ಅಲ್ಲಾಡಿಸಿದೆ. ಅದನ್ನು ನೋಡಿ ಅವಳಿಗೆ ಅನುಮಾನ ಗಟ್ಟಿಯಾಯಿತು. ನಾನು ಮನೆ ಬಿಟ್ಟು ಬಂದವನು, ಕೆರೆಗೆ ಬೀಳಲು ಮುಹೂರ್ತ ನೋಡುತ್ತಿದ್ದೇನೆ ಎಂದು ತೀರ್ಮಾನಿಸಿಬಿಟ್ಟಳು. ಎಮ್ಮೆಯನ್ನು ಮೇಯಲು ಬಿಟ್ಟು ನನ್ನ ಬಂಡೆಯ ತುದಿಯಲ್ಲೇ ಕೂತು ವಿಚಾರಣೆ ಶುರು ಮಾಡಿದಳು. ಗಂಡುಮಕ್ಕಳು ಬೈದರೇ? ಇಲ್ಲವೆಂದು ತಲೆಯಾಡಿಸಿದೆ. ಸೊಸೆ ಊಟ ಹಾಕಲಿಲ್ಲವೇ? ತಲೆಯಾಡಿಸಿದೆ. ಅಳಿಯ ಏನಾದರೂ ಅಂದನೇ?

ಯಾಕೋ ಏನೋ, ತಲೆ ಅಲ್ಲಿಗೆ ನಿಂತುಬಿಟ್ಟಿತು.

ಅಷ್ಟು ಸಾಕಾಯಿತು. ಕದರಮ್ಮ ಎಂದು ಹೆಸರು ಹೇಳಿಕೊಂಡು, ನನ್ನ ಪರವಾಗಿ ನನ್ನ ಅಳಿಯನನ್ನು ಬೈಯಲು ಕೂತಳು. ದುಡಿಯುವ ವಯಸ್ಸಿನಲ್ಲಿ ದುಡಿಯದ ಸೋಮಾರಿ ಎಂದಳು. ಹೆಂಡತಿ ಸಂಪಾದನೆಯಲ್ಲಿ ಕೂತು ಉಣ್ಣುವವನು, ಮಾವನ ಆಸ್ತಿ ಕಾಯುವವನು ಎಂದಳು. ಇದೆಲ್ಲ ನಾನೇ ಮೂರು ವರ್ಷದಿಂದ ಮನಸ್ಸಿನಲ್ಲಿ ಅಂದುಕೊಂಡು ಬಂದಿದ್ದ ಮಾತು. ಮೊದಲ ಐದು ನಿಮಿಷ ತಂಪಾಯಿತು. ನನ್ನ ನೋವು ತಿಳಿದವರು ಒಬ್ಬರಾದರೂ ಸಿಕ್ಕರಲ್ಲ ಎನ್ನಿಸಿತು. ಆಮೇಲೆ ಅದೇ ಮಾತುಗಳು ಇನ್ನೊಬ್ಬರ ಬಾಯಲ್ಲಿ ಕೇಳುತ್ತಾ ಕೇಳುತ್ತಾ ಮೈ ಉರಿಯತೊಡಗಿತು. ಇವಳು ಯಾರು ನಮ್ಮ ಹುಡುಗನನ್ನು ಅನ್ನುವುದಕ್ಕೆ? ಅವನು ಯಾವತ್ತು ನನ್ನ ಆಸ್ತಿ ಕೇಳಿದ್ದ? ಮದುವೆಯಾದ ಈ ಹನ್ನೊಂದು ವರ್ಷದಲ್ಲಿ ಒಂದು ಚಮಚ ಕೂಡ ಸುಮ್ಮನೆ ತೆಗೆದುಕೊಂಡವನಲ್ಲ. ಹಬ್ಬಕ್ಕೆ ಕೊಟ್ಟ ಪಾತ್ರೆಗೂ ಬಿಲ್ ಹಾಕಿ ಎನ್ನುವವನು.

“ಅಂಥವ್ನಲ್ಲ ಕಣಮ್ಮ ಅವ್ನು” ಎಂದು ನಾನು ಮೌನ ಮುರಿದೆ.

“ಒಳ್ಳೇವ್ನಾದ್ರೆ ಮಾವನ್ನ ಹಿಂಗೆ ಉಪಾಸ ಕೂರುಸ್ತಾನಾ?” ಎಂದಳು. ನನ್ನ ಹೊಟ್ಟೆ ಗುಡುಗಿದ್ದು ಅವಳಿಗೂ ಕೇಳಿಸಿತ್ತು.

ಇದು ಪರೀಕ್ಷೆ, ಕಾಡಿನಲ್ಲಿ ಸಿಕ್ಕಿದ್ದನ್ನು ಮಾತ್ರ ತಿನ್ನಬೇಕು ಎಂದು ವಿವರಿಸಿ ಹೇಳಿದೆ. ಅವಳು ಸುತ್ತ ಒಂದು ಸಲ ಕಣ್ಣಾಡಿಸಿದಳು.

“ಇದ್ಯಾವ ಕಾಡು ಸ್ವಾಮಿ? ಇದು ನಮ್ಮೆಮ್ಮೆ ಮೇಯೋ ಜಾಗ.”

ಎಮ್ಮೆಯನ್ನು ನನ್ನ ಕಾವಲಿಗೆ ಬಿಟ್ಟು ಹೋದವಳು ಅರ್ಧ ಗಂಟೆಯಲ್ಲಿ ತಿರುಗಿ ಬಂದಳು. ಸೊಗಡು ಅವರೆಕಾಯಿಯ ಸಾರು, ಹಬೆಯಾಡುವ ರಾಗಿ ಮುದ್ದೆ. ತಟ್ಟೆ ನನ್ನೆದುರು ಇಟ್ಟು ಉಣ್ಣು ಎಂದಳು. ಯಾರ ಮನೆ, ಯಾವ ಜನ ಎಂದು ವಿಚಾರಿಸದೆ ಹೊರಗೆ ನೀರು ಕೂಡ ಕುಡಿಯದ ಹಳೆಯ ಚಟ ನನ್ನದು. ಆ ಹೊತ್ತು ಆ ಚಟ ಎಲ್ಲಿ ಹೋಗಿತ್ತೋ. ಚಿಕ್ಕಂದಿನಿಂದ ಮಠದ ದಾಸೋಹದ ಪಂಕ್ತಿಯಲ್ಲಿ ಕೂತವನು ನಾನು. ಮುಂದೆ ಇಟ್ಟ ಅನ್ನಕ್ಕೆ ಬೇಡ ಎನ್ನಲು ನನಗೆ ಯಾರೂ ಕಲಿಸಿಲ್ಲ. ಮುದ್ದೆ ಮುರಿದೆ. ಅಷ್ಟು ರುಚಿಯ ಊಟ ಈಚೆಗೆ ಮಾಡಿದ್ದು ನೆನಪಿಲ್ಲ. ಉಂಡ ಕೈಯನ್ನು ಕೆರೆಯಲ್ಲಿ ಎಷ್ಟು ತೊಳೆದರೂ ಸೊಗಡಿನ ವಾಸನೆ ಹೋಗಲಿಲ್ಲ.

ಹೊರಡುವ ಮುಂಚೆ ಅವಳು ಮುತ್ತುಗದ ಎಲೆಯಲ್ಲಿ ಇನ್ನೊಂದು ಮುದ್ದೆ, ಮೇಲೊಂದಿಷ್ಟು ಹುಚ್ಚೆಳ್ಳು ಚಟ್ನಿ ಕಟ್ಟಿ ನನ್ನ ಚೀಲಕ್ಕೆ ತುರುಕಿದಳು.

“ಆ ನಿಮ್ಮ ಅಳಿಯಂಗೂ ಕೊಡಿ. ಅವ್ನಾರ ಏನ್ ಉಂಡವ್ನೋ.”

ಅವಳು ಹೋದ ಮೇಲೆ ಆ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಹಬ್ಬಹುಣ್ಣಿಮೆಗೆ ಚನ್ನೇಶ್ ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದಾನೆ. ಬಡಿಸಿದವಳು ಸರ್ವಮಂಗಳಮ್ಮ. ಊಟ ಆಯಿತೇ ಎಂದು ನಾನು ಅವನನ್ನು ಬಾಯಿಬಿಟ್ಟು ಕೇಳಿದ್ದು ಒಂದು ಸಲವೂ ನೆನಪಿಗೆ ಬರಲಿಲ್ಲ. ಅಂಗಡಿಗೆ ಬರುವ ಗಿರಾಕಿಯನ್ನೂ ಕೇಳುತ್ತೇನೆ.

ಮೂರು ಗಂಟೆಗೆ ಅವನೇ ಬಂದ. ಕಲಿಸುವವನು ದಿನಕ್ಕೊಂದು ಸಲ ಎಲ್ಲ ಜಾಗಕ್ಕೂ ಬಂದು, ಮಾತಿಲ್ಲದೆ ನೋಡಿಕೊಂಡು ಹೋಗಬೇಕು. ತುಟಿ ಒಣಗಿತ್ತು, ಉಗುರಿನ ತುಂಬ ಮಣ್ಣು, ಮೊಣಕೈ ತರಚಿತ್ತು. ಬೆಳಗಿನಿಂದ ಬಂಡೆಸಂದಿಯಲ್ಲಿ ಅಗೆದು ತೆಗೆದ ಕಾಡುಗೆಣಸನ್ನು ಕೆಂಡದಲ್ಲಿ ಸುಟ್ಟು, ಆರು ತುಂಡು ಮಾಡಿ, ಒಂದನ್ನು ಎಲೆಯ ಮೇಲಿಟ್ಟು ನನ್ನ ಮುಂದೆ ಇಟ್ಟ. ನೆಲದಲ್ಲಿ ಸಿಕ್ಕಿದ್ದೇ ಆದ್ದರಿಂದ ನಿಯಮಕ್ಕೆ ಅಡ್ಡಿಯಿಲ್ಲ. ನನ್ನ ಮುಖ ನೋಡಿದ. ನನ್ನ ಚೀಲ ನೋಡಿದ. ಎಮ್ಮೆಯ ಗೊರಸಿನ ಗುರುತು ನೋಡಿದ. ಮುಂದಿನ ಜಾಗಕ್ಕೆ ನಡೆದ.

ಗೆಣಸಿನ ತುಂಡು ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಇತ್ತು. ನನ್ನ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಸಂಜೆ ತಿಂದರಾಯಿತು ಎಂದು ಬಂಡೆಯ ಬಿರುಕಿನಲ್ಲಿಟ್ಟು ಮೇಲೊಂದು ಕಲ್ಲು ಮುಚ್ಚಿದೆ. ಸಂಜೆ ಅದನ್ನು ಮರೆತೇಬಿಟ್ಟೆ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಎಲ್ಲರನ್ನೂ ಹೊಂಗೆ ಮರದ ಕೆಳಗೆ ದುಂಡಗೆ ಕೂರಿಸಿದರು. ಅನುಭವ ಹೇಳಿಕೊಳ್ಳುವ ಸಭೆ. ಅದಕ್ಕೊಂದು ‘ಮಾತಿನ ಕೋಲು’; ಅದು ಯಾರ ಕೈಯಲ್ಲಿರುತ್ತದೋ ಅವರು ಮಾತಾಡಬೇಕು, ಉಳಿದವರು ಕೇಳಬೇಕು. ನಮ್ಮ ಮನೆಯಲ್ಲಿ ಆ ಕೋಲು ಸರ್ವಮಂಗಳಮ್ಮನ ಹತ್ತಿರ ಶಾಶ್ವತವಾಗಿ ಇದೆ.

ಮೊದಲು ನಂದಿತಾ. ಹಸಿವು ತನ್ನೊಳಗೆ ಒಂದು ಕಿಟಕಿ ತೆರೆಯಿತು, ಆ ಕಿಟಕಿಯಿಂದ ಮರಗಳು ತನ್ನ ಹೆಸರು ಕರೆದವು ಎಂದು ಕಣ್ಣೊರೆಸಿಕೊಂಡಳು. ಅಂಜನ್‌ಕುಮಾರ್ ಬರೆದುಕೊಂಡರು. ಬಸವರಾಜ್, ಎರಡು ದಿನದಲ್ಲಿ ಬರೀ ಸೊಪ್ಪು ಜಗಿದು ದೇಹ ಹಗುರಾಯಿತು ಎಂದ. ಹೇಳಿ ಮುಗಿಸುವಾಗ ಒಂದು ತುಂಬಿದ ತೇಗು ಬಂತು, ಅದನ್ನು ಓಂಕಾರದ ಹಾಗೆ ಎಳೆದು ಮುಚ್ಚಿಕೊಂಡ. ರಂಗನಾಥ್, ಭೂಮಿತಾಯಿಯೇ ನಿಜವಾದ ವಿಮೆ ಎಂದ. ಜಿಮ್ಮಿನ ಅಣ್ಣ, ಗೆಣಸು ತಿಂದು ಬಲ ಬಂತು ಎಂದ. ತಮ್ಮ, ತನಗೂ ಅಷ್ಟೇ ಎಂದ. ಪರೀಕ್ಷಕರ ಮುಖ ಅರಳುತ್ತಾ ಹೋಯಿತು.

ಕೋಲು ಕೊನೆಗೆ ನನ್ನ ಕೈಗೆ ಬಂತು.

ನಿಜ ಹೇಳುವುದು ನನಗೆ ಬಹಳ ಸುಲಭವಿತ್ತು. ಮುದ್ದೆ ಉಂಡೆ, ಅಷ್ಟು ಹೇಳಿದರೆ ಸಾಕು. ಶಾಲೆ ಮುಚ್ಚುತ್ತದೆ, ಮಂಗಳವಾರ ಬೆಳಿಗ್ಗೆ ಅಳಿಯ ಗಡ್ಡ ಬೋಳಿಸಿಕೊಂಡು ನನ್ನ ಅಂಗಡಿಗೆ ಬರುತ್ತಾನೆ. ಸತ್ಯ ಹೇಳಿದ ಪುಣ್ಯ, ಅಂಗಡಿಗೊಬ್ಬ ವಾರಸುದಾರ, ಎರಡೂ ಒಟ್ಟಿಗೆ ಸಿಗುವ ಅವಕಾಶ. ಜಂಬ ಕೊಚ್ಚಿಕೊಳ್ಳುತ್ತಿಲ್ಲ, ಲಿಂಗ ಕಟ್ಟಿಕೊಂಡಾಗಿನಿಂದ ನಾನು ಸುಳ್ಳು ಹೇಳಿದವನಲ್ಲ. ವ್ಯಾಪಾರದಲ್ಲಿ ಹೇಳಿದ್ದನ್ನು ಶಿವ ಲೆಕ್ಕಕ್ಕಿಡುವುದಿಲ್ಲ. ಎದುರಿಗೆ ಚನ್ನೇಶ್ ಕೂತಿದ್ದ. ಎರಡೇ ದಿನದಲ್ಲಿ ಕೆನ್ನೆ ಒಳಕ್ಕೆ ಹೋಗಿತ್ತು. ತೊಡೆಯ ಮೇಲೆ ಒಂದು ಟವೆಲ್ ಗಂಟು ಇಟ್ಟುಕೊಂಡು ತಲೆ ತಗ್ಗಿಸಿದ್ದ.

“ನಿನ್ನೆ ಒಂದು ತುಂಡು ಗೆಣಸು ತಿಂದೆ ಸಾರ್” ಎಂದೆ. “ಅಮೃತ ತಿಂದ ಹಾಗಾಯ್ತು. ಬೇರೆ ಏನೂ ಬಾಯಿಗೆ ಹಾಕಿಲ್ಲ.”

ಅಂಜನ್‌ಕುಮಾರ್ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಇಂಥ ಬ್ಯಾಚು ರಾಜ್ಯದಲ್ಲೇ ನೋಡಿಲ್ಲ ಎಂದು ಹೊಗಳಿ, ಕಾಗದ ತೆಗೆದು ಚನ್ನೇಶನ ಮುಂದೆ ಹಿಡಿದರು. ಆರೂ ಜನ ಹೊರಗಿನ ಆಹಾರ ಮುಟ್ಟಿಲ್ಲ ಎಂದು ಒಂದು ಸಹಿ. ಅಷ್ಟಾದರೆ ಮಾನ್ಯತೆ.

ಚನ್ನೇಶ್ ಪೆನ್ನು ತೆಗೆದುಕೊಳ್ಳಲಿಲ್ಲ. ತೊಡೆಯ ಮೇಲಿನ ಟವೆಲನ್ನು ನೆಲಕ್ಕೆ ಇಳಿಸಿ ಗಂಟು ಬಿಚ್ಚಿದ. ಒಳಗೆ ಆರು ತುಂಡು ಸುಟ್ಟ ಗೆಣಸು. ಒಂದೂ ಕಚ್ಚಿದ್ದಲ್ಲ. ಒಂದಕ್ಕೆ ಇರುವೆ ಮುತ್ತಿತ್ತು. ಇನ್ನೊಂದರ ತುದಿಯಲ್ಲಿ ವಿಭೂತಿಯ ಬೆರಳಿನ ಗುರುತಿತ್ತು, ಅದು ನನ್ನದು.

“ಬೆಳಿಗ್ಗೆ ಎಲ್ಲಾ ಜಾಗಕ್ಕೂ ಹೋಗಿ ಎತ್ಕೊಂಡ್ ಬಂದೆ ಸಾರ್. ಹಸಿದಿದ್ದೋರು ಯಾರೂ ಇದನ್ನ ಬಿಡ್ತಿರ್ಲಿಲ್ಲ.”

ಅವನು ಯಾರ ಹೆಸರನ್ನೂ ಹೇಳಲಿಲ್ಲ, ಯಾರ ಕಡೆಗೂ ನೋಡಲಿಲ್ಲ. ಆ ತುಂಡುಗಳನ್ನೇ ನೋಡುತ್ತಿದ್ದ. ನಾನು ಎದ್ದು ನಿಂತೆ. ಮುದ್ದೆ ತಿಂದೆ, ಈಗ ಹೇಳಿದ್ದು ಸುಳ್ಳು ಎಂದೆ. ನಾನು ಬಾಯಿಬಿಟ್ಟ ಮೇಲೆ ಉಳಿದವರದೂ ಒಂದೊಂದೇ ಹೊರಗೆ ಬಂತು. ಬಸವರಾಜನ ಹೆಂಡತಿಯ ಅಕ್ಕ ಎದುರು ಹಳ್ಳಿಯವರೇ. ತಂಗಿಯ ಗಂಡನ ಕಾರು ಗುರುತು ಹಿಡಿದು ಹೋಳಿಗೆ ಮಾಡಿಕೊಂಡು ಬಂದಿದ್ದರು. ರಂಗನಾಥನನ್ನು ಹಾಲಿನ ಡೇರಿಯ ಕಾರ್ಯದರ್ಶಿ ಎಳೆದುಕೊಂಡು ಹೋಗಿ ಎರಡು ಹೊತ್ತು ಊಟ ಹಾಕಿ, ಒಂದು ಪಾಲಿಸಿಯನ್ನೂ ಮಾಡಿಸಿಕೊಂಡಿದ್ದ. ನಂದಿತಾಳ ಹೆಸರನ್ನು ಮರಗಳು ಕರೆದಿರಲಿಲ್ಲ, ಆಂಜನೇಯನ ಗುಡಿಯ ಅರ್ಚಕರ ಹೆಂಡತಿ ಚಿತ್ರಾನ್ನಕ್ಕೆ ಕರೆದಿದ್ದರು. ಅಣ್ಣತಮ್ಮಂದಿರ ಬಳಿ ಇನ್ನೊಂದು ಫೋನಿತ್ತು. ಗೆಳೆಯನೊಬ್ಬ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬೈಕಿನಲ್ಲಿ ಎರಡು ಸಲ ಬಂದು ಹೋಗಿದ್ದ.

ಇಡೀ ಸೀಮೆ ನಮ್ಮನ್ನು ಸಾಕಿತ್ತು. ಚನ್ನೇಶನನ್ನು ಮಾತ್ರ ಯಾರೂ ಕರೆದಿರಲಿಲ್ಲ. ಕೊರಳಿಗೆ ಸೀಟಿ ನೇತುಹಾಕಿಕೊಂಡು ಓಡಾಡುವ ಅವನನ್ನು ನೋಡಿ, ಯಾರೋ ಸರ್ವೆಗೆ ಬಂದ ಆಫೀಸರ್ ಇರಬೇಕು ಎಂದುಕೊಂಡಿದ್ದರಂತೆ.

ಅಂಜನ್‌ಕುಮಾರ್ ಫೈಲು ಮುಚ್ಚಿದರು. ನಿಯಮ ನಿಯಮವೇ ಎಂದರು. ಕಾರು ಹತ್ತುವ ಮುಂಚೆ, ಇಲ್ಲಿ ಹತ್ತಿರದಲ್ಲಿ ಒಳ್ಳೆಯ ಊಟದ ಹೋಟೆಲ್ ಎಲ್ಲಿದೆ ಎಂದು ನನ್ನನ್ನೇ ಕೇಳಿದರು. ಉಳಿದವರೂ ಮುಖ ತೋರಿಸಲಾಗದೆ ಬೇಗಬೇಗ ಜಾಗ ಖಾಲಿ ಮಾಡಿದರು. ಚನ್ನೇಶ್ ಕಂಬಳಿ ಮಡಿಸುತ್ತಿದ್ದ. ನಾನು ಬಂಡೆಯ ಮೇಲೆ ಕೂತು ಕೈ ನೋಡಿಕೊಳ್ಳುತ್ತಿದ್ದೆ.

“ಮಾವ, ಚೀಲದಲ್ಲಿರೋ ಮುದ್ದೆ ಈಗ ಕೊಡ್ತೀರಾ?” ಎಂದ. “ಪರೀಕ್ಷೆ ಮುಗೀತಲ್ಲ.”

ನಿನ್ನೆ ಮೂರು ಗಂಟೆಗೇ ಅವನಿಗೆ ತಿಳಿದಿತ್ತು. ಎಮ್ಮೆಯ ಹಿಂದೆ ಬಂದ ಬರಿಗಾಲು, ಅದು ಒಂದು ಸಲ ಹೋಗಿ ಮತ್ತೆ ಬಂದದ್ದು, ಬರುವಾಗ ಕೈಯಲ್ಲಿ ಭಾರ ಇದ್ದದ್ದು, ನನ್ನ ಕೈಯ ಸೊಗಡು, ಚೀಲದ ಉಬ್ಬು. ಎಲ್ಲವನ್ನೂ ಓದಿಕೊಂಡು, ಹಸಿದ ಹೊಟ್ಟೆಯಲ್ಲಿ ಮಾತಿಲ್ಲದೆ ಹೋಗಿದ್ದ. ನಾನು ಪಾತ್ರೆಯನ್ನು ಮಿಡಿದು ಹೇಳುವ ಹಾಗೆ ಇವನು ನೆಲ ನೋಡಿ ಹೇಳುತ್ತಾನೆ. ನಮ್ಮ ಮನೆಯಲ್ಲಿ ಅಂಥವನು ನಾನೊಬ್ಬನೇ ಎಂದುಕೊಂಡಿದ್ದೆನಲ್ಲ, ನನಗೆ ನಾಚಿಕೆಯಾಯಿತು.

ಮುದ್ದೆ ತಣ್ಣಗಾಗಿ ಗಟ್ಟಿಯಾಗಿತ್ತು. ಚಟ್ನಿಗೆ ಅದ್ದಿಕೊಂಡು ಅವನು ನಿಧಾನವಾಗಿ ಉಂಡ. ನಾನು ಚೊಂಬಿನಲ್ಲಿ ನೀರು ತಂದಿಟ್ಟೆ. ನೋಡದ ಹಾಗೆ ಸಹಿ ಹಾಕಿಬಿಡಬಹುದಿತ್ತಲ್ಲ ಎಂದು ಕೊನೆಗೆ ಕೇಳಿದೆ.

“ನೀವು ಸುಳ್ಳು ಹೇಳಿದ್ದು ನನಗೋಸ್ಕರ ಅಂತ ಗೊತ್ತಾಯ್ತು ಮಾವ” ಎಂದ. “ನಾನೂ ಹೇಳ್ಬಿಟ್ಟಿದ್ರೆ ನಾಳೆ ಮಕ್ಳಿಗೆ ಏನಂತ ಕಲಿಸ್ಲಿ?”

ಹಿಂದಿರುಗುವಾಗ ಕದರಮ್ಮನ ಮನೆ ಹುಡುಕಿಕೊಂಡು ಹೋಗಿ, ಇವರೇ ನಮ್ಮ ಅಳಿಯಂದಿರು ಎಂದು ತೋರಿಸಿದೆ. ಅವಳು ಮೇಲಿನಿಂದ ಕೆಳಕ್ಕೆ ನೋಡಿ, ಬಡಕಲು ಎಂದು ಬೈದು, ಒಂದು ಲೋಟ ಮಜ್ಜಿಗೆ ಕೊಟ್ಟಳು. ಮರಳೂರಿನಲ್ಲಿ ಕಾರಿನಿಂದ ಇಳಿಯುವಾಗ, ಮಂಗಳವಾರ ಎಷ್ಟು ಗಂಟೆಗೆ ಬರಲಿ ಎಂದು ಕೇಳಿದ. ಒಂಬತ್ತಕ್ಕೆ ಎಂದೆ.

ಒಂಬತ್ತಕ್ಕೆ ಐದು ನಿಮಿಷ ಮೊದಲೇ ಬಂದು ಅಂಗಡಿಯ ಮುಂದೆ ನಿಂತಿದ್ದ. ಗಡ್ಡ ಇರಲಿಲ್ಲ. ಮುಖ ಯಾರೋ ಹುಡುಗನದ್ದರ ಹಾಗೆ ಕಾಣುತ್ತಿತ್ತು. ಸರ್ವಮಂಗಳಮ್ಮ ಅವನಿಗೆಂದೇ ಬುತ್ತಿ ಕಟ್ಟಿ ಕಳಿಸಿದ್ದಳು. ನಾನು ಕಾದಿದ್ದ ದಿನ ಬಂದಿತ್ತು. ಅವನನ್ನು ಒಳಗೆ ಕರೆದು, ಎರಡು ಸ್ಟೀಲ್ ಕೊಳಗ ತೆಗೆದು ಮುಂದಿಟ್ಟೆ. ನಮ್ಮಲ್ಲಿ ಕೂರುವವರು ಮೊದಲು ಒಂದು ಪರೀಕ್ಷೆ ಪಾಸಾಗಬೇಕು, ಇದರಲ್ಲಿ ಯಾವುದು ದಪ್ಪ ಮಿಡಿದು ಹೇಳಿ ಎಂದೆ.

ಅವನು ಒಂದನ್ನು ಮಿಡಿದ. ಕಿವಿ ಹತ್ತಿರ ತಂದು ಇನ್ನೊಂದನ್ನು ಮಿಡಿದ. ಕಣ್ಣು ಮುಚ್ಚಿಕೊಂಡು ಮತ್ತೆ ಎರಡನ್ನೂ ಮಿಡಿದ.

“ಎರಡೂ ಒಂದೇ ಅನ್ಸುತ್ತೆ ಮಾವ.”

“ತಪ್ಪು” ಎಂದೆ. “ಎಡಗಡೇದು ದಪ್ಪ. ಫೇಲಾದ್ರಿ ಅಳಿಯಂದ್ರೆ. ಫೇಲಾದೋರ್ಗೆ ನಮ್ಮಂಗಡೀಲಿ ಜಾಗ ಇಲ್ಲ. ಗಡ್ಡ ಬೆಳೆಸ್ಕೊಂಡು ನಿಮ್ಮ ಗುಡ್ಡಕ್ಕೆ ಹೋಗಿ.”

ಅವನು ಕೊಳಗಗಳನ್ನೂ ನನ್ನನ್ನೂ ನೋಡಿದ. ಅವನಿಗೆ ಏನು ಅರ್ಥವಾಯಿತೋ ನಾನು ಕೇಳಲಿಲ್ಲ. ಎರಡೂ ಇಪ್ಪತ್ತೆರಡು ಗೇಜಿನವೇ, ಅವನು ಸರಿಯಾಗಿಯೇ ಹೇಳಿದ್ದ. ಲಿಂಗ ಕಟ್ಟಿಕೊಂಡಾಗಿನಿಂದ ನಾನು ಹೇಳಿದ ಎರಡನೆಯ ಸುಳ್ಳು ಅದು. ಬಾಗಿಲವರೆಗೆ ಹೋಗಿದ್ದವನನ್ನು ಕರೆದು, ಊಟ ಆಯಿತೇ ಎಂದು ಕೇಳಿದೆ. ಇನ್ನೂ ಇಲ್ಲ ಎಂದ. ಬುತ್ತಿಯ ಮುಚ್ಚಳ ತೆಗೆದು ಗಲ್ಲಾದ ಮೇಲೆ ಇಟ್ಟೆ.